ಅರ್ಧ ಅಂಕದ ಲೆಕ್ಕ



ಕಳೆದ ತಿಂಗಳು ಈ ಅಂಕಣದಲ್ಲಿ ಉದ್ರಿ ವಸೂಲಿಯ ಬಗ್ಗೆ ಬರೆದಿದ್ದೆ. ಈ ಸಲದ ವಿಷಯ ಕೇಳಿದರೆ ನೀವು ನಗಬಹುದು. ವಿಷಯ ಇಂಗ್ಲಿಷ್ ಪರೀಕ್ಷೆ; ಬರೆಯುವವನು ಮೆಟ್ರಿಕ್ ಪಾಸಾಗಿ, ನಲವತ್ತು ವರ್ಷಗಳಿಂದ ನಾರಾಯಣಪೇಟೆಯಲ್ಲಿ ಸೀರೆ ಮಾರುತ್ತಿರುವ ಮನುಷ್ಯ. ಆದರೆ ನಮ್ಮ ಮನೆಗಳ ಮಕ್ಕಳು ಹೆಚ್ಚಿನ ಓದಿಗೆ ಹೊರದೇಶಕ್ಕೆ ಹೊರಟರೆ ಮೊದಲು ದಾಟಬೇಕಾದ ಬಾಗಿಲು ಇದೇ ಆಗಿದೆ. ನಮ್ಮ ಮನೆಯಲ್ಲಿ ಆ ಬಾಗಿಲ ಮುಂದೆ ನಡೆದದ್ದನ್ನು ಹೇಳಿದರೆ ನಾಲ್ಕು ಮನೆಗಳಿಗೆ ಉಪಯೋಗವಾದೀತು. ಮೊಮ್ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನನ್ನ ಮಗಳನ್ನು ಗದ್ವಾಲಕ್ಕೆ ಕೊಟ್ಟಿದ್ದೇವೆ. ಅವಳ ಹಿರಿಯ ಮಗಳು ಔಷಧ ಶಾಸ್ತ್ರದಲ್ಲಿ ಪದವಿ ಮುಗಿಸಿ, ಮುಂದಿನ ಓದಿಗೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಅವರು ಕೇಳಿದ್ದು ಐಇಎಲ್‌ಟಿಎಸ್ ಎಂಬ ಪರೀಕ್ಷೆಯಲ್ಲಿ ಒಟ್ಟು 6.5 ಅಂಕ, ಯಾವ ಭಾಗದಲ್ಲಿಯೂ 6ಕ್ಕಿಂತ ಕಡಿಮೆ ಇರಕೂಡದು.

ಈ ಪರೀಕ್ಷೆ 1989ರಿಂದ ಈ ಹೆಸರಿನಲ್ಲಿ ನಡೆಯುತ್ತಿದೆ. ಇದರಲ್ಲಿ ಪಾಸು-ಫೇಲು ಎಂಬುದಿಲ್ಲ. ಸೊನ್ನೆಯಿಂದ 9ರವರೆಗೆ ಅರ್ಧರ್ಧ ಅಂಕದ ಮೆಟ್ಟಿಲುಗಳು. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗ. ಫಲಿತಾಂಶ ಎರಡು ವರ್ಷ ಮಾತ್ರ ಚಾಲ್ತಿ. ಶುಲ್ಕ ಹದಿನೈದು ಸಾವಿರ ರೂಪಾಯಿಗೂ ಮೇಲೆ. ಇಷ್ಟು ಹಣ ಕಟ್ಟಿದ ಮೇಲೆ ತಮಾಷೆಯ ಮಾತಲ್ಲ.

ಹುಡುಗಿ ಹೈದರಾಬಾದಿನಲ್ಲಿ ಒಂದು ತಿಂಗಳು ಕೋಚಿಂಗ್ ಮುಗಿಸಿ ಪರೀಕ್ಷೆಗೆ ಕುಳಿತಳು. ಕೇಳುವುದರಲ್ಲಿ 7.5, ಓದುವುದರಲ್ಲಿ 6.5, ಮಾತಿನಲ್ಲಿ 6, ಬರವಣಿಗೆಯಲ್ಲಿ 5.5 ಬಂತು. ಕೂಡಿದರೆ 25.5. ನಾಲ್ಕರಿಂದ ಭಾಗಿಸಿದರೆ 6.375. ಹತ್ತಿರದ ಅರ್ಧಕ್ಕೆ ಸರಿಮಾಡಿ ಒಟ್ಟು 6.5 ಕೊಟ್ಟರು. ಒಟ್ಟು ಸರಿಯಾಯಿತು, ಆದರೆ ಬರವಣಿಗೆಯಲ್ಲಿ ಅರ್ಧ ಅಂಕ ಕಡಿಮೆ ಬಿತ್ತು. ಆ ಅರ್ಧ ಅಂಕಕ್ಕೆ ಒಂದು ವರ್ಷದ ಪ್ರವೇಶ ಕೈತಪ್ಪಿತು. ಒಂದೇ ಭಾಗವನ್ನು ಅರವತ್ತು ದಿನಗಳೊಳಗೆ ಮತ್ತೆ ಬರೆಯುವ ಸೌಕರ್ಯ ಈಚಿನ ವರ್ಷಗಳಲ್ಲಿ ಬಂದಿದೆ. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಒಪ್ಪುವುದಿಲ್ಲ. ಇವಳದು ಒಪ್ಪಲಿಲ್ಲ. ಆದ್ದರಿಂದ ಅರ್ಜಿ ಹಾಕುವಾಗಲೇ ಈ ಪ್ರಶ್ನೆ ಕೇಳಿ ತಿಳಿದುಕೊಳ್ಳಿ.

ಆ ವಾರವೇ ಅಳಿಯಂದಿರಿಗೆ ಒಬ್ಬ ಅಪರಿಚಿತನಿಂದ ಫೋನ್ ಬಂತು. ಪರೀಕ್ಷೆಗೆ ಕೂಡುವುದೇ ಬೇಡ, 7 ಅಂಕದ ಸರ್ಟಿಫಿಕೇಟ್ ಮನೆಗೆ ಬರುತ್ತದೆ, ಅರ್ಧ ಹಣ ಮುಂಗಡ ಎಂದನಂತೆ. ಅಳಿಯಂದಿರು ನನಗೆ ಫೋನ್ ಮಾಡಿ, "ಏನು ಮಾಡೋದ್ರೀ ಮಾವ?" ಎಂದು ಕೇಳಿದರು. ಬಂಧುಗಳೇ, ಸುಳ್ಳು ಹೇಳಲಾರೆ. ನಾನು ಕೂಡಲೇ ಬೇಡ ಎನ್ನಲಿಲ್ಲ. "ಎಷ್ಟು ಕೇಳ್ತಾನ?" ಎಂದೆ. ಮರುದಿನ ಗದ್ವಾಲಕ್ಕೆ ಹೋದೆ. ನಾವು ದೊಡ್ಡವರು ಕೋಣೆಯಲ್ಲಿ ಕುಳಿತು ಮಾತಾಡುತ್ತಿದ್ದಾಗ ಹುಡುಗಿ ಬಾಗಿಲಲ್ಲಿ ಬಂದು ನಿಂತಳು.

"ತಾತ, ನೀವು ಕಾಗದ ತಂದು ಕೊಡ್ತೀರಿ. ಅಲ್ಲಿ ಕ್ಲಾಸಿನಾಗ ಕೂತಾಗ ಪಾಠ ತಿಳಿಯದಿದ್ದರ ಯಾರು ತಿಳಿಸಿ ಕೊಡ್ತಾರ?"

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂಗಡ ಕೊಡುವ ಮಾತು ಅಲ್ಲಿಗೇ ನಿಂತಿತು. ವಿಶ್ವವಿದ್ಯಾಲಯಗಳು ಈ ಅಂಕಗಳನ್ನು ಪರೀಕ್ಷೆ ನಡೆಸುವವರ ದಾಖಲೆಯೊಂದಿಗೆ ನೇರವಾಗಿ ತಾಳೆ ನೋಡುತ್ತವೆ ಎಂದು ನನಗೆ ಆಮೇಲೆ ಗೊತ್ತಾಯಿತು. ಸಿಕ್ಕಿಬೀಳುತ್ತಿದ್ದೆವು ಎಂಬುದು ಒಂದು ಮಾತು. ತೂಕ ಕಡಿಮೆ ಬಂದರೆ ತಕ್ಕಡಿಯನ್ನು ಬಗ್ಗಿಸಲು ಹೊರಟ ವ್ಯಾಪಾರಿ ನಾನಾದೆನಲ್ಲ ಎಂಬುದು ಅದಕ್ಕಿಂತ ದೊಡ್ಡ ಮಾತು. ನಾಲ್ಕು ತಿಂಗಳ ನಂತರದ ತಾರೀಖಿಗೆ ಮತ್ತೆ ಹಣ ಕಟ್ಟುವುದೆಂದು ನಿಶ್ಚಯಿಸಿದೆವು.

ನನಗೆ ಈ ವಿಷಯದಲ್ಲಿ ಹಳೆಯ ಗಾಯ ಒಂದಿದೆ. 1984ರಲ್ಲಿ ಮುಂಬೈಯ ಒಂದು ನೂಲಿನ ಪಾರ್ಟಿಯಿಂದ ಇಂಗ್ಲಿಷ್ ಪತ್ರ ಬಂತು. 15ನೇ ತಾರೀಖಿನವರೆಗೆ ದರ 'ಫರ್ಮ್', ಅಂದರೆ ಸ್ಥಿರ ಎಂದು ಅದರಲ್ಲಿತ್ತು. ನಾನು ಅದನ್ನು 'ಫ್ರಮ್' ಎಂದು ಓದಿದೆ; 15ರಿಂದ ಆ ದರ ಶುರುವಾಗುತ್ತದೆ ಎಂದುಕೊಂಡು ಕಾದು ಕುಳಿತೆ. 16ಕ್ಕೆ ದರ ಏರಿತ್ತು. ಪಕ್ಕದ ಓಣಿಯಲ್ಲಿಯೇ ಮೇಷ್ಟ್ರು ಇದ್ದರು, ಅವರ ಹತ್ತಿರ ಓದಿಸಬಹುದಾಗಿತ್ತು. ಗೊತ್ತಿಲ್ಲ ಎಂದು ತೋರಿಸಿಕೊಳ್ಳಲು ನಾಚಿಕೆ. ಆ ನಾಚಿಕೆಗೆ ಮೂರು ಸಾವಿರ ರೂಪಾಯಿ ತೆತ್ತೆ. ಆ ಕಾಲಕ್ಕೆ ಅದು ನಮಗೆ ದೊಡ್ಡ ಮೊತ್ತ.

ಹುಡುಗಿಗೂ ಇದ್ದದ್ದು ಇದೇ ನಾಚಿಕೆ. ಪುಸ್ತಕ ಓದಿ ತಿಳಿಯುತ್ತಾಳೆ, ಬಾಯಿ ಬಿಡುವುದಿಲ್ಲ. ಕೇಳಿದರೆ, "ನಾನು ಇಂಗ್ಲಿಷ್ ಮಾತಾಡಿದಾಗೆಲ್ಲ ಮನಿಯಾಗ ನೀವೆಲ್ಲ ನಕ್ಕೀರಿ" ಎಂದಳು. ನಿಜ, ನಾನೂ ನಕ್ಕಿದ್ದೆ. ಅಂದಿನಿಂದ ಮನೆಯಲ್ಲಿ ಒಂದು ಕಟ್ಟಳೆಯಾಯಿತು: ಅಭ್ಯಾಸದ ಹೊತ್ತಿನಲ್ಲಿ ಯಾರೂ ನಗಕೂಡದು. ಇದಕ್ಕೆ ದುಡ್ಡು ಬೇಕಿಲ್ಲ, ಇಂಗ್ಲಿಷ್ ಬರಬೇಕೆಂದೂ ಇಲ್ಲ.

ಮಕ್ತಲದಲ್ಲಿ ನಮ್ಮ ಪರಿಚಯದ ಒಬ್ಬರು ನಿವೃತ್ತ ಇಂಗ್ಲಿಷ್ ಮೇಷ್ಟ್ರು ಇದ್ದಾರೆ. ಮಕ್ತಲ ನಮ್ಮಿಬ್ಬರಿಗೂ ನಡುವಿನ ಊರು. ಪ್ರತಿ ಭಾನುವಾರ ಹುಡುಗಿ ಗದ್ವಾಲದಿಂದ ಕೃಷ್ಣೆ ದಾಟಿ ಬರುವುದು, ನಾನು ನಾರಾಯಣಪೇಟೆಯಿಂದ ಹೋಗುವುದು. ಮೇಷ್ಟ್ರು ಅವಳ ಹಳೆಯ ಪ್ರಬಂಧಗಳನ್ನು ನೋಡಿ ಮೊದಲ ದಿನವೇ ರೋಗ ಹೇಳಿಬಿಟ್ಟರು. ಕೋಚಿಂಗಿನಲ್ಲಿ ಕೆಲವು ಪ್ರಬಂಧಗಳನ್ನು ಬಾಯಿಪಾಠ ಮಾಡಿಸಿದ್ದರು. ಪ್ರಶ್ನೆ ಒಂದು, ಬಾಯಿಪಾಠ ಇನ್ನೊಂದು. ಬರವಣಿಗೆಗೆ ಅಂಕ ಕೊಡುವಾಗ ನಾಲ್ಕು ವಿಷಯ ನೋಡುತ್ತಾರಂತೆ: ಕೇಳಿದ್ದಕ್ಕೆ ಉತ್ತರ ಇದೆಯೇ, ವಿಚಾರ ಒಂದಕ್ಕೊಂದು ಜೋಡಿಸಿದೆಯೇ, ಪದಗಳು ಸರಿಯೇ, ವ್ಯಾಕರಣ ಸರಿಯೇ. ನಾಲ್ಕಕ್ಕೂ ಸಮ ತೂಕ. ಸುಂದರ ಪದಗಳನ್ನು ತುಂಬಿ, ಕೇಳಿದ್ದನ್ನು ಬಿಟ್ಟರೆ ಮೊದಲ ಭಾಗವೇ ಹೋಯಿತು. ಗಿರಾಕಿ ಹತ್ತಿ ಸೀರೆ ಕೇಳಿದಾಗ ಜರಿ ಸೀರೆ ಹರವಿ ಕೂತಂತೆ.

ಇಲ್ಲಿ ನನ್ನದೂ ಒಂದು ಪಾಲು ಇದೆ. ಅಂಗಡಿಯ ಒಂದು ಹಳೆಯ ವಹಿ ಅವಳಿಗೆ ಕೊಟ್ಟೆ. "ದಿನಾ ಬರುವ ತಪ್ಪುಗಳನ್ನು ಕಿರ್ದಿಯ ಹಾಗೆ ಇದರಲ್ಲಿ ಬರಿ. ವಾರಕ್ಕೊಮ್ಮೆ ಖಾತೆವಾರು ತೆಗೆ" ಎಂದೆ. ತಿಂಗಳ ಕೊನೆಗೆ ನೋಡಿದರೆ ನೂರು ಬಗೆಯ ತಪ್ಪುಗಳಿಲ್ಲ, ಮೂರೇ ದೊಡ್ಡ ಖಾತೆಗಳು. ಒಂದು, 'ಎ' ಮತ್ತು 'ದಿ' ಎಂಬ ಚಿಕ್ಕ ಪದಗಳು ಬಿಟ್ಟುಹೋಗುವುದು. ಎರಡು, ಬಹುವಚನದ 'ಎಸ್' ಮರೆಯುವುದು. ಮೂರು, ನಿನ್ನೆಯ ಮಾತನ್ನು ಇಂದಿನದಾಗಿ ಬರೆಯುವುದು. ಮೊದಲನೆಯದಕ್ಕೆ ಮೇಷ್ಟ್ರು ಕಾರಣ ಹೇಳಿದರು: ಕನ್ನಡ, ತೆಲುಗು, ಹಿಂದಿ, ಉರ್ದು ಯಾವುದರಲ್ಲೂ ಆ ಚಿಕ್ಕ ಪದಗಳಿಗೆ ಸಮನಾದದ್ದಿಲ್ಲ, ನಮ್ಮ ಕಿವಿಗೆ ಅವು ಇಲ್ಲದಿದ್ದರೂ ಕೊರತೆ ಕಾಣುವುದಿಲ್ಲ. ಕಾರಣ ತಿಳಿದ ಮೇಲೆ ಹುಡುಗಿಗೆ ತಾನು ದಡ್ಡಿ ಎಂಬ ಭಾವ ಹೋಯಿತು. ಮೊದಲ ವಾರ ಒಂದು ಪ್ರಬಂಧಕ್ಕೆ 31 ತಪ್ಪು ಇದ್ದವು. ಹತ್ತನೆಯ ವಾರ 9ಕ್ಕೆ ಇಳಿದವು.

ಬರವಣಿಗೆಗೆ ಒಂದು ಗಂಟೆ, ಎರಡು ಪ್ರಶ್ನೆ. ಮೊದಲನೆಯದರಲ್ಲಿ ಒಂದು ನಕ್ಷೆಯನ್ನೋ ಅಂಕಿಗಳ ಪಟ್ಟಿಯನ್ನೋ ನೋಡಿ ಕನಿಷ್ಠ 150 ಪದಗಳಲ್ಲಿ ವಿವರಿಸಬೇಕು. ಎರಡನೆಯದು ಕನಿಷ್ಠ 250 ಪದಗಳ ಪ್ರಬಂಧ. ಅದಕ್ಕೆ ಎರಡರಷ್ಟು ತೂಕ. ಆದ್ದರಿಂದ ಮೊದಲನೆಯದಕ್ಕೆ 20 ನಿಮಿಷ, ಎರಡನೆಯದಕ್ಕೆ 40 ನಿಮಿಷ ಹಂಚಿಕೊಂಡಳು. ನಕ್ಷೆಯ ಅಭ್ಯಾಸಕ್ಕೆ ನಮ್ಮ ಅಂಗಡಿಯ ತಿಂಗಳವಾರು ಮಾರಾಟವನ್ನೇ ಗೆರೆ ಎಳೆದು ಕೊಟ್ಟೆ. ದೀಪಾವಳಿಗೆ ಏರಿದ್ದು, ಮದುವೆಯ ತಿಂಗಳುಗಳಲ್ಲಿ ನಿಂತದ್ದು, ಆಷಾಢದಲ್ಲಿ ಇಳಿದದ್ದು. ತನಗೆ ಗೊತ್ತಿರುವ ಸಂಗತಿಯಾದ್ದರಿಂದ ಅವಳ ಗಮನವೆಲ್ಲ ಭಾಷೆಯ ಮೇಲೆ ನಿಂತಿತು.

ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ನಡುವೆ ಒಂದು ಚೀಟಿ ಕೊಡುತ್ತಾರೆ. ಒಂದು ನಿಮಿಷ ಯೋಚಿಸಿ, ಎರಡು ನಿಮಿಷದವರೆಗೆ ನಿಲ್ಲಿಸದೆ ಮಾತಾಡಬೇಕು. ನಮ್ಮ ಮನೆಗಳಲ್ಲಿ ಸೂರ್ಯಾಸ್ತದ ಮೊದಲೇ ಊಟ ಮುಗಿಯುವುದರಿಂದ ಸಂಜೆ ಉದ್ದವಾಗಿರುತ್ತದೆ. ಏಳು ಗಂಟೆಗೆ ಅವಳು ಫೋನ್ ಮಾಡುವುದು, ನಾನು ಗಡಿಯಾರ ಹಿಡಿದು ಕೂಡುವುದು. ಒಂದು ದಿನ ಗದ್ವಾಲ ಸೀರೆಯ ಬಗ್ಗೆ ಮಾತಾಡು ಎಂದೆ. ಒಡಲು ಹತ್ತಿ, ದಡಿ ಮತ್ತು ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೆಯೇ ಕೂಡಿಸುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದು, ಆದರೂ ನಲವತ್ತು ಸೆಕೆಂಡಿಗೆ ಮಾತು ನಿಂತಿತು. ಮೊದಲು ಕನ್ನಡದಲ್ಲಿ ಹೇಳಿಸಿದೆ. ಕನ್ನಡದಲ್ಲಿಯೂ ಒಂದು ನಿಮಿಷಕ್ಕೆ ಮುಗಿಯಿತು! ಕೊರತೆ ಇಂಗ್ಲಿಷಿನದು ಮಾತ್ರವಲ್ಲ, ಒಂದು ವಿಷಯವನ್ನು ಹಿಡಿದು ಬಿಡಿಸಿ ಹೇಳುವ ರೂಢಿಯದು ಎಂದು ಅಂದು ತಿಳಿಯಿತು. ಆಮೇಲೆ ದಿನವೂ ಮೊದಲು ಕನ್ನಡದಲ್ಲಿ, ನಂತರ ಇಂಗ್ಲಿಷಿನಲ್ಲಿ. ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಎಲ್ಲಿ ತಡವರಿಸಿದಳು ಎಂಬುದು ಮಾತ್ರ ಪೂರ್ತಿ ತಿಳಿಯುತ್ತಿತ್ತು.

ಉಚ್ಚಾರಣೆಯ ಬಗ್ಗೆ ನಮ್ಮವರಿಗೆ ವೃಥಾ ಭಯವಿದೆ. ನಮ್ಮ ಸೀಮೆಯ ಧಾಟಿ ಇದ್ದ ಮಾತ್ರಕ್ಕೆ ಅಂಕ ಕಳೆಯುವುದಿಲ್ಲ; ಕೇಳುವವನಿಗೆ ಸ್ಪಷ್ಟವಾಗಿ ತಿಳಿದರೆ ಸಾಕು. ಬಿಳಿಯರ ಹಾಗೆ ನಾಲಿಗೆ ತಿರುಗಿಸಲು ಹೋಗಿ ಮಾತೇ ಕೆಡಿಸಿಕೊಳ್ಳಬಾರದು.

ಕೇಳುವ ಭಾಗದಲ್ಲಿ 40 ಪ್ರಶ್ನೆ, ಧ್ವನಿ ಒಂದೇ ಸಲ ಕೇಳಿಸುತ್ತದೆ. ಕಾಗುಣಿತ ತಪ್ಪಿದರೆ ಉತ್ತರವೂ ತಪ್ಪು. ಓದುವ ಭಾಗದಲ್ಲಿ ಮೂರು ಪಾಠ, 40 ಪ್ರಶ್ನೆ, ಒಂದು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಓದುವುದರಲ್ಲಿ ಒಂದು ಬಗೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು. ಒಂದು ಹೇಳಿಕೆ ಕೊಟ್ಟು, ಸರಿಯೋ, ತಪ್ಪೋ, ಅಥವಾ ಪಾಠದಲ್ಲಿ ಹೇಳಿಯೇ ಇಲ್ಲವೋ ಎಂದು ಕೇಳುತ್ತಾರೆ. ಮಕ್ಕಳು ಎಡವುವುದು ಮೂರನೆಯದರಲ್ಲಿ. ಬರೆಯದೇ ಇದ್ದದ್ದನ್ನು ನಾವೇ ಊಹಿಸಿ ಸೇರಿಸಿಬಿಡುತ್ತೇವೆ. 1984ರಲ್ಲಿ ಆ ಪತ್ರ ಓದುವಾಗ ನಾನು ಮಾಡಿದ್ದೂ ಇದನ್ನೇ, ಕಡಿಮೆ ದರ ಬರಲಿ ಎಂಬ ಆಸೆಯನ್ನು ಕಾಗದದಲ್ಲಿ ಓದಿದ್ದೆ.

ಈ ನಡುವೆ ಕೆಲವು ಹಿರಿಯರು, "ಇಷ್ಟು ಇಂಗ್ಲಿಷ್ ತುಂಬಿದರೆ ಮನೆಮಾತು ಉಳಿಯುತ್ತದೆಯೇ?" ಎಂದು ಕೇಳಿದರು. ನಮ್ಮ ಸೀಮೆಯ ಕಥೆ ನೆನಪಿಸಿಕೊಳ್ಳಿ. ನಿಜಾಮರ ಕಾಲದಲ್ಲಿ ಕಚೇರಿಯ ಕಾಗದಕ್ಕಾಗಿ ನಮ್ಮ ತಂದೆ ಉರ್ದು ಕಲಿತರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಿಂದ ಮಹಬೂಬ್‌ನಗರಕ್ಕೆ ಹೋಯಿತು, ಕಚೇರಿಗೆ ತೆಲುಗು ಬಂತು. ಈಗ ಗದ್ವಾಲ 2016ರಿಂದ, ನಾರಾಯಣಪೇಟೆ 2019ರಿಂದ ತಾವೇ ಜಿಲ್ಲಾ ಕೇಂದ್ರಗಳು. ಗಲ್ಲೆಯ ಮುಂದೆ ಕುಳಿತವನು ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾನೆ. ಇಷ್ಟಾದರೂ ನಮ್ಮ ಅಡುಗೆಮನೆಯಲ್ಲಿ ಕನ್ನಡ ಉಳಿದಿದೆ. ಹೊಸ ಭಾಷೆ ಬಂದದ್ದರಿಂದ ಮನೆಮಾತು ಹೋಗುವುದಿಲ್ಲ, ಮನೆಯಲ್ಲಿ ಆಡುವುದನ್ನು ಬಿಟ್ಟರೆ ಹೋಗುತ್ತದೆ.

ಎರಡನೆಯ ಪರೀಕ್ಷೆಯ ಫಲಿತಾಂಶ ಬಂದ ದಿನ ನಾನು ಅಂಗಡಿಯಲ್ಲಿದ್ದೆ. ಹುಡುಗಿ ಫೋನಿನಲ್ಲಿ ಅಂಕ ಹೇಳಿದಳು, ನಾನು ಬಿಲ್ಲಿನ ಹಿಂದೆ ಬರೆದುಕೊಂಡೆ. ಕೇಳುವುದು 7.5, ಓದುವುದು 7, ಮಾತು 6.5, ಬರವಣಿಗೆ 6.5. ಕೂಡಿದರೆ 27.5, ನಾಲ್ಕರಿಂದ ಭಾಗಿಸಿದರೆ 6.875; ಒಟ್ಟು 7. ಎರಡು ಸಲ ಲೆಕ್ಕ ಹಾಕಿ ನೋಡಿದೆ. ಗಿರಾಕಿ, "ಏನು ಸೇಟ್ರೇ, ನನ್ನ ಬಿಲ್ ಎಲ್ಲಿ?" ಎಂದು ಕೇಳಿದರು. ಅವರ ಬಿಲ್ಲಿನ ಹಿಂದೆಯೇ ಬರೆದಿದ್ದೆ!

ಅವಳು ಹೋಗಿ ಈಗ ಕೆಲವು ತಿಂಗಳಾದವು. ಮೊದಲ ವಾರ ಪಾಠ ಪೂರ್ತಿ ತಿಳಿಯಲಿಲ್ಲವೆಂದೂ, ಕೈ ಎತ್ತಿ ಮತ್ತೊಮ್ಮೆ ಹೇಳಿ ಎಂದು ಕೇಳಿದೆನೆಂದೂ ಹೇಳಿದಳು. ನನಗೆ 7 ಅಂಕಕ್ಕಿಂತ ಆ ಕೈ ಎತ್ತಿದ್ದು ಹೆಚ್ಚು ಸಂತೋಷ ಕೊಟ್ಟಿತು.

ಹೋಗುವಾಗ ಆ ತಪ್ಪುಗಳ ವಹಿಯನ್ನು ನನಗೆ ಹಿಂದಿರುಗಿಸಿದಳು. ಹಿಂದೆ ಹನ್ನೆರಡು ಹಾಳೆ ಖಾಲಿ ಉಳಿದಿದ್ದವು. ಈಗ ಅದರಲ್ಲಿ ನಾನು ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲಿ ಎರಡು ಪದಗಳಿವೆ: ಫರ್ಮ್, ಫ್ರಮ್.

ಮುಂದಿನ ತಿಂಗಳು ಮತ್ತೆ ಅಂಗಡಿಯ ಮಾತು. ಜಯ ಜಿನೇಂದ್ರ.