ಸಿಡಿ ಡಬ್ಬಿಯೊಳಗಿನ ಹೆಸರುಗಳು

ಪುಣೆ, ಮುಂಬೈ, ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆ ಎಳೆದು ನೋಡಿ. ಹಳೆಯ ಚಾರ್ಜರ್, ತೀರಿದ ಸೆಲ್, ಯಾವುದಕ್ಕೂ ಹೊಂದದ ರಿಮೋಟುಗಳ ನಡುವೆ ಹತ್ತಿಪ್ಪತ್ತು ಸಿಡಿಗಳು ಇದ್ದೇ ಇರುತ್ತವೆ. ಊರಿನಿಂದ ಬರುವಾಗ ಬ್ಯಾಗಿನಲ್ಲಿ ತಂದ ಭಾವಗೀತೆ, ದಾಸರ ಪದ, ಶರೀಫರ ತತ್ವಪದ. ಪುಣೆಯಾದರೆ ಭೀಮಸೇನ ಜೋಶಿಯವರ ದಾಸವಾಣಿಯೂ ಅಭಂಗವೂ ಒಂದರ ಮೇಲೊಂದು. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಆ ದನಿಗೆ ಇಲ್ಲಿ ಎರಡು ಭಾಷೆಯ ಹಕ್ಕುದಾರರಿದ್ದಾರೆ. ಪ್ಲೇಯರ್ ಕೆಟ್ಟು ಎಷ್ಟೋ ವರ್ಷವಾಗಿದೆ, ಹೊಸ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕಲು ಜಾಗವೇ ಇಲ್ಲ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಈ ಡಬ್ಬಿಗಳು ಸದ್ದಿಲ್ಲದೆ ರದ್ದಿಯವನ ಚೀಲ ಸೇರುತ್ತಿವೆ.

‘ಎಲ್ಲ ಆ್ಯಪಿನಲ್ಲಿ ಸಿಗುತ್ತದಲ್ಲ’ ಎಂಬುದು ಸಿದ್ಧ ಉತ್ತರ. ಸಿಗುತ್ತದೆ, ಅರ್ಧ. ನಾನು ಹಣ ಕೊಟ್ಟು ಕೇಳುವ ಒಂದು ಆ್ಯಪಿನಲ್ಲಿ ಎಷ್ಟೋ ಭಾವಗೀತೆಗಳಿಗೆ ಗಾಯಕರ ಹೆಸರಷ್ಟೇ ಇದೆ, ಕವಿಯ ಜಾಗ ಖಾಲಿ. ದಾಸರ ಪದಕ್ಕೆ ‘ಟ್ರೆಡಿಷನಲ್’ ಎಂದು ಬರೆದು ಕೈ ತೊಳೆದುಕೊಂಡಿದ್ದಾರೆ. ಕೊನೆಯ ಚರಣದಲ್ಲಿ ಅಂಕಿತ ಕಿವಿಗೆ ಬೀಳುವಂತೆ ಇದ್ದರೂ! ಮೊನ್ನೆ ಇದ್ದ ಆಲ್ಬಂ ಇಂದು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಒತ್ತಿದರೂ ಹಾಡುವುದಿಲ್ಲ.

ಭಾವಗೀತೆ ಹುಟ್ಟಿದ್ದೇ ಕವಿತೆಯಿಂದ. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟನ್ನು ಕೆ.ಎಸ್. ನಿಸಾರ್ ಅಹಮದ್ ಮತ್ತು ಮೈಸೂರು ಅನಂತಸ್ವಾಮಿ ಎಂಬ ಎರಡು ಹೆಸರಿಲ್ಲದೆ ಪರಿಚಯಿಸಲು ಸಾಧ್ಯವೇ? ಸಿಡಿ ಡಬ್ಬಿಯೊಳಗೆ ಮಡಿಸಿಟ್ಟ ಕಾಗದದಲ್ಲಿ ಕವಿ, ರಾಗ ಸಂಯೋಜಕರು, ಹಲವು ಬಾರಿ ತಬಲಾ, ಕೊಳಲು ನುಡಿಸಿದವರ ತನಕ ಅಚ್ಚಾಗಿರುತ್ತದೆ. ಹಾಡಾದರೂ ಇನ್ನೆಲ್ಲೋ ಸಿಕ್ಕೀತು, ಕೊಳಲು ನುಡಿಸಿದವರ ಹೆಸರು ಆ ಕಾಗದ ಬಿಟ್ಟರೆ ಬೇರೆಲ್ಲೂ ಇರಲಿಕ್ಕಿಲ್ಲ.

ಆದ್ದರಿಂದ ಹೊರನಾಡ ಕನ್ನಡಿಗರಲ್ಲಿ, ಅದರಲ್ಲೂ ನನ್ನಂತೆ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಲ್ಲಿ ಒಂದು ಕೋರಿಕೆ: ಈ ಸಿಡಿಗಳನ್ನು ಬಿಸಾಡುವ ಮೊದಲು ರಿಪ್ ಮಾಡಿ, ಅಂದರೆ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಸರಿಯಾಗಿ ಇಳಿಸಿಕೊಳ್ಳಿ. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಇದ್ದರೆ ಸಾಕು, ಲಿನಕ್ಸಿನಲ್ಲಿ ತಂತ್ರಾಂಶಕ್ಕೆ ಕಾಸು ಬೇಡ. ಪುಕ್ಕಟೆ ಎಂಬ ಕಾರಣಕ್ಕಷ್ಟೇ ಲಿನಕ್ಸ್ ಹೆಸರು ಹೇಳುತ್ತಿಲ್ಲ. ಈ ಕೆಲಸಕ್ಕೆ ಬೇಕಾದ ಸಂಶಯ ಬುದ್ಧಿ ಅಲ್ಲಿನ ಸಲಕರಣೆಗಳಿಗಿದೆ.

ಸಂಶಯ ಯಾಕೆ ಬೇಕೆಂದರೆ, ಹಾಡಿನ ಸಿಡಿಯಲ್ಲಿ ನಾವು ಅಂದುಕೊಂಡಂತೆ ಫೈಲುಗಳೇ ಇರುವುದಿಲ್ಲ. ಸೆಕೆಂಡಿಗೆ 44,100 ಬಾರಿ ಅಳೆದ ಧ್ವನಿಯ ಅಂಕಿಗಳು, ಒಂದೊಂದು 16 ಬಿಟ್‌ನದು, ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ, ಒಂದೇ ಸುರುಳಿಯಲ್ಲಿ ಸಾಲುಗಟ್ಟಿರುತ್ತವೆ. ಒಂದು ಸೆಕೆಂಡಿನ ಹಾಡು 75 ತುಂಡು. ಪ್ರತಿ ತುಂಡು 2,352 ಬೈಟ್. ಡೇಟಾ ಸಿಡಿಯಲ್ಲಾದರೆ ಇಷ್ಟೇ ಜಾಗದಲ್ಲಿ 2,048 ಬೈಟ್ ಮಾತ್ರ ಮಾಹಿತಿ. ಮಿಕ್ಕಿದ್ದರಲ್ಲಿ ಬಹುಪಾಲು ದೋಷ ತಿದ್ದಲು ಮೀಸಲು. ಹಾಡಿನ ಸಿಡಿಗೆ ಈ ಎರಡನೇ ಕಾವಲಿಲ್ಲ. ಗೀರು ಬಿದ್ದು ಓದಲಾಗದ ಕಡೆ ಪ್ಲೇಯರ್ ಅಕ್ಕಪಕ್ಕದ ಅಂಕಿ ನೋಡಿ ಅಂದಾಜಿನಿಂದ ತುಂಬಿ ಮುಂದೆ ಹೋಗುತ್ತದೆ. ಕೇಳುವಾಗ ಅದು ಉಪಕಾರವೇ. ಪ್ರತಿ ಮಾಡಿಕೊಳ್ಳುವಾಗ ಮಾತ್ರ ಆ ಅಂದಾಜೇ ಅಸಲಾಗಿ ಕೂತುಬಿಡುತ್ತದೆ.

ಸಿಡಿಪ್ಯಾರನೋಯಿಯ ಎಂಬ ಹಳೆಯ ತಂತ್ರಾಂಶ ಇದನ್ನು ಒಪ್ಪುವುದಿಲ್ಲ. ಒಂದು ಭಾಗ ಓದುತ್ತದೆ, ಸ್ವಲ್ಪ ಹಿಂದೆ ಸರಿದು ಮತ್ತೆ ಓದುತ್ತದೆ, ಎರಡೂ ಹೊಂದಿದರೆ ಮಾತ್ರ ಮುಂದೆ. ಕೆಲಸ ನಡೆಯುವಾಗ ಪರದೆಯ ಮೇಲೆ ಚುಕ್ಕಿ, ಗೀಟು, ಕಂಸಗಳಲ್ಲಿ ಬರೆದ ಒಂದು ಪುಟ್ಟ ನಗುಮುಖ ಕಾಣುತ್ತದೆ. ಗೀರು ಸಿಕ್ಕಿದರೆ ಮುಖ ಸಪ್ಪಗಾಗುತ್ತದೆ. ಗೀರು ಹೆಚ್ಚಿದ್ದರೆ ಒಂದೇ ಹಾಡಿಗೆ ಅರ್ಧ ಗಂಟೆಯೂ ಹಿಡಿದೀತು, ಬಿಟ್ಟು ಊಟಕ್ಕೆ ಹೋಗಿ. ಇದರ ಮೇಲೆ ಕೂತು ಮಿಕ್ಕ ಕೆಲಸವನ್ನೆಲ್ಲ ಒಂದೇ ಆದೇಶದಲ್ಲಿ ಮುಗಿಸುವ ಇನ್ನೊಂದು ತಂತ್ರಾಂಶವಿದೆ, ಹೆಸರು ಇಂಗ್ಲಿಷಿನ ಮೊದಲ ಐದು ಅಕ್ಷರ: ಎಬಿಸಿಡಿಇ. ಆದೇಶ ಟೈಪ್ ಮಾಡಲು ಬೇಸರವಾದರೆ ಕೆಥ್ರೀಬಿಯಂಥ ಬಟನ್ ಒತ್ತುವ ತಂತ್ರಾಂಶಗಳಿವೆ.

ಉಳಿಸುವಾಗ ಎಂಪಿ3 ಬೇಡ, ಫ್ಲ್ಯಾಕ್ ಇರಲಿ. ಎಂಪಿ3 ಕಿವಿಗೆ ಬೇಡವೆಂದು ತಾನೇ ತೀರ್ಮಾನಿಸಿದ್ದನ್ನು ಎಸೆಯುತ್ತದೆ. ಫ್ಲ್ಯಾಕ್ ಒಂದು ಬಿಟ್ಟನ್ನೂ ಎಸೆಯದೆ ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗಿಸುತ್ತದೆ. ತುಂಬಿದ ಒಂದು ಸಿಡಿ 400 ಎಂಬಿ ಆದರೂ ನೂರು ಸಿಡಿ ಒಂದು 64 ಜಿಬಿ ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಬೇಕಾದಾಗ ಅದರಿಂದ ಎಂಪಿ3 ಮಾಡಿ ಫೋನಿಗೆ ಹಾಕಿಕೊಳ್ಳಬಹುದು. ಎಂಪಿ3ಯಿಂದ ಅಸಲನ್ನು ಮರಳಿ ಪಡೆಯಲಾಗದು.

ಇನ್ನು ಹೆಸರಿನ ಮಾತು. ಹಾಡಿನ ಸಿಡಿಯಲ್ಲಿ ಸಾಮಾನ್ಯವಾಗಿ ಹಾಡಿನ ಹೆಸರೂ ಇರುವುದಿಲ್ಲ. ಯಾವ ಹಾಡು ಎಲ್ಲಿ ಶುರು ಎಂಬ ಲೆಕ್ಕದಿಂದ ಒಂದು ಗುರುತು ಮಾಡಿ, ಅಂತರ್ಜಾಲದ ಕೋಶದಲ್ಲಿ ಹುಡುಕಿ ತರಬೇಕು. ಇಂಥ ಮೊದಲ ಕೋಶ ಸಿಡಿಡಿಬಿ. ಸಾವಿರಾರು ಕೇಳುಗರು ಪುಕ್ಕಟೆ ಟೈಪ್ ಮಾಡಿ ತುಂಬಿದ್ದು ಕೊನೆಗೆ ಕಂಪನಿಯ ಸ್ವತ್ತಾಯಿತು. ಆ ಸಿಟ್ಟಿನಲ್ಲಿ ಹುಟ್ಟಿದ್ದು ಮ್ಯೂಸಿಕ್‌ಬ್ರೇನ್ಜ್. ಇದನ್ನು ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನ ನಡೆಸುತ್ತದೆ, ಮೂಲ ಮಾಹಿತಿ ಎಲ್ಲರಿಗೂ ಮುಕ್ತ. ಕವಿ, ಸಂಯೋಜಕ, ವಾದ್ಯ ನುಡಿಸಿದವರಿಗೆ ಅಲ್ಲಿ ಬೇರೆ ಬೇರೆ ಜಾಗವಿದೆ. ಕನ್ನಡ ಲಿಪಿಯಲ್ಲೇ ತುಂಬಬಹುದು. ನಮ್ಮ ಸಿಡಿ ಹಾಕಿದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಯಾರೂ ತುಂಬಿಲ್ಲ, ಅಷ್ಟೇ. ಡಬ್ಬಿಯ ಕಾಗದ ಮುಂದಿಟ್ಟುಕೊಂಡು ಅರ್ಧ ಗಂಟೆ ಕೂತರೆ ಒಂದು ಆಲ್ಬಂ ಮುಗಿಯುತ್ತದೆ.

ಕಾನೂನಿನ ಪ್ರಶ್ನೆ ಬರುತ್ತದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, 2012ರ ತಿದ್ದುಪಡಿಯ ನಂತರ, ಸ್ವಂತ ಬಳಕೆಗಾಗಿ ನ್ಯಾಯಯುತ ಉಪಯೋಗಕ್ಕೆ ಅವಕಾಶ ಕೊಡುತ್ತದೆ; ಆ ಉದ್ದೇಶಕ್ಕೆ ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳುವುದನ್ನೂ ಒಪ್ಪುತ್ತದೆ. ಯೂಟ್ಯೂಬಿಗೆ ಏರಿಸುವುದು, ವಾಟ್ಸ್ಯಾಪ್ ಗುಂಪಿಗೆ ಹಂಚುವುದು ಬೇರೆ ಮಾತು. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1978ರ ಕ್ಯಾಸೆಟ್ಟಿಗೆ 2038ರ ಕೊನೆಯ ತನಕ. ಕಂಪನಿ ಬಾಗಿಲು ಹಾಕಿದ ಮಾತ್ರಕ್ಕೆ ಹಕ್ಕು ತೀರುವುದಿಲ್ಲ. ಹಾಡನ್ನು ನಮ್ಮ ಮನೆಯಲ್ಲೇ ಇಟ್ಟುಕೊಳ್ಳೋಣ. ಆದರೆ ಯಾರು ಬರೆದರು, ಯಾರು ಹಾಡಿದರು, ಯಾರು ಕೊಳಲು ನುಡಿಸಿದರು ಎಂಬ ಸಂಗತಿಗೆ ಯಾರ ಅಪ್ಪಣೆಯೂ ಬೇಡ. ಅದನ್ನು ಲೋಕಕ್ಕೆಲ್ಲ ಹಂಚಬಹುದು.

ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು? ಅಂಗಡಿಯ ಸಿಡಿಯನ್ನಲ್ಲ, ಮನೆಯಲ್ಲಿ ಅಥವಾ ಊರಿನ ಸ್ಟುಡಿಯೋದಲ್ಲಿ ರೈಟ್ ಮಾಡಿಸಿದ್ದನ್ನು. ಕಾರ್ಖಾನೆಯ ಸಿಡಿಯಲ್ಲಿ ಗುರುತುಗಳು ಪ್ಲಾಸ್ಟಿಕ್ಕಿನಲ್ಲೇ ಅಚ್ಚಾಗಿರುತ್ತವೆ. ರೈಟ್ ಮಾಡಿದ್ದರಲ್ಲಿ ಅವು ಒಂದು ಬಣ್ಣದ ಪದರದಲ್ಲಿ ಸುಟ್ಟ ಗುರುತುಗಳು. ಬಿಸಿಲು, ಸೆಕೆಗೆ ಆ ಬಣ್ಣ ಹಾಳಾಗುತ್ತದೆ. ಕ್ಯಾಸೆಟ್ಟಿನಿಂದ ಇಳಿಸಿದ ಅಜ್ಜಿಯ ಸೋಬಾನೆ ಪದ, ಮಾವನ ಮದುವೆಯ ಓಲಗ ಇರುವುದು ಇಂಥದ್ದರಲ್ಲೇ. ಅವು ಯಾವ ಆ್ಯಪಿಗೂ ಬರುವುದಿಲ್ಲ.

ಊರಿನಲ್ಲಿ ಅಪ್ಪ ಅಮ್ಮ ಇನ್ನೂ ಪ್ಲೇಯರಿನಲ್ಲೇ ಕೇಳುವವರಾದರೆ ಫ್ಲ್ಯಾಕಿನಿಂದ ಹೊಸ ಸಿಡಿ ರೈಟ್ ಮಾಡಿಕೊಡಿ. ಕೆಥ್ರೀಬಿಯಲ್ಲಿ ‘ಡಿಸ್ಕ್ ಅಟ್ ಒನ್ಸ್’ ಆರಿಸಿ. ‘ಟ್ರ್ಯಾಕ್ ಅಟ್ ಒನ್ಸ್’ ಹಾಡು ಹಾಡಿನ ನಡುವೆ ಎರಡು ಸೆಕೆಂಡು ಮೌನ ಬಿಡುತ್ತದೆ; ವಿಲಂಬಿತದಿಂದ ದ್ರುತಕ್ಕೆ ಏರುವಲ್ಲಿ ಈ ಮೌನ ಬಂದರೆ ಅಪ್ಪ ಪ್ಲೇಯರಿಗೆ ಒಂದು ಏಟು ಕೊಡುತ್ತಾರೆ. ಸಿಡಿಯೊಳಗೆ ಹೆಸರು ಬರೆಯುವ ಸಿಡಿ-ಟೆಕ್ಸ್ಟ್ ಎಂಬ ಸೌಲಭ್ಯ ಕನ್ನಡ ಲಿಪಿಯನ್ನು ಬಲ್ಲದ್ದಲ್ಲ. ಹಾಗಾಗಿ ಹಾಡಿನ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಪ್ರತಿ ಹಾಡಿನ ಪಕ್ಕ ಕವಿಯ ಹೆಸರು ಹಾಕಿ, ಮಡಿಸಿ ಡಬ್ಬಿಯೊಳಗೆ ಇಡಿ.