ತಡೆಯಾಜ್ಞೆ ಬೀಳುವುದು ಯಾರ ಮೇಲೆ?

8,842 ಲಿಂಕ್‌ಗಳು. ಧರ್ಮಸ್ಥಳದಲ್ಲಿ ಶವಗಳನ್ನು ಹೂತಿಟ್ಟ ಆರೋಪ ರಾಜ್ಯವನ್ನೆಲ್ಲ ಆವರಿಸಿದ್ದ 2025ರ ಜುಲೈನಲ್ಲಿ, ಧರ್ಮಾಧಿಕಾರಿಗಳ ಸಹೋದರ ಹರ್ಷೇಂದ್ರ ಕುಮಾರ್ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಮುಂದಿಟ್ಟ ಪಟ್ಟಿ ಅಷ್ಟುದ್ದವಿತ್ತು. ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಯೂಟ್ಯೂಬ್ ವಿಡಿಯೊಗಳೇ. ಪ್ರತಿವಾದಿಗಳು ಮುನ್ನೂರಕ್ಕೂ ಹೆಚ್ಚು. ಅವರಲ್ಲಿ ಒಬ್ಬರ ಮಾತನ್ನೂ ಕೇಳದೆ, ಹಾಕಿದ್ದನ್ನು ತೆಗೆಯಿರಿ, ಮುಂದೆ ಹಾಕಬೇಡಿ ಎಂಬ ಮಧ್ಯಂತರ ಆದೇಶ ಹೊರಬಿತ್ತು. ಇಷ್ಟನ್ನೂ ಕೂತು ನೋಡಿ, ಯಾವುದು ಸುಳ್ಳು ಯಾವುದು ವರದಿ ಎಂದು ಬೇರ್ಪಡಿಸಲು ಎಂಥ ನ್ಯಾಯಾಧೀಶರಿಗೂ ತಿಂಗಳುಗಳು ಬೇಕು. ಆಗಸ್ಟ್ 1ರಂದು ‘ಕುಡ್ಲ ರ‍್ಯಾಂಪೇಜ್’ ಚಾನೆಲ್‌ನ ಅರ್ಜಿಯ ಮೇಲೆ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಚಾನೆಲ್ ಮಟ್ಟಿಗೆ ಆದೇಶವನ್ನು ರದ್ದುಪಡಿಸಿ, ಹೊಸದಾಗಿ ವಿಚಾರಣೆ ನಡೆಸಿ ಎಂದರು. ಕಟ್ಟೆ ಹತ್ತಿ ಕೇಳಿದವರಿಗೆ ಪರಿಹಾರ ಸಿಕ್ಕಿತು, ಹತ್ತಲಾಗದವರಿಗೆ?

ಆ ವಿಡಿಯೊಗಳೆಲ್ಲ ಸಾಚಾ ಎಂದು ನಾನು ವಾದಿಸುತ್ತಿಲ್ಲ. ಶವ ಹೂತ ಬಗ್ಗೆ ದೂರು ಕೊಟ್ಟವನನ್ನೇ ಆಗಸ್ಟ್ ತಿಂಗಳಲ್ಲಿ ಅದರ ತನಿಖೆ ನಡೆಸುತ್ತಿದ್ದ ಎಸ್‌ಐಟಿ ಬಂಧಿಸಿತು. ಅಷ್ಟರಲ್ಲಿ ಎಷ್ಟು ಜನ ತೀರ್ಪು ಕೊಟ್ಟು, ಲೈಕ್ ಎಣಿಸಿ, ಮುಂದಿನ ವಿಷಯಕ್ಕೆ ಹೋಗಿದ್ದರು! ಮಾನ ಹೋಯಿತು ಎನ್ನುವವರಿಗೆ ದಾವೆ ಹೂಡುವ ಹಕ್ಕು ಖಂಡಿತ ಇದೆ. ನನ್ನ ತಕರಾರು ದಾವೆಯ ಮೇಲಲ್ಲ, ಎದುರಿನವನ ಬಾಯಿ ಮುಚ್ಚಿಸಿ ಆಮೇಲೆ ವಾಯಿದೆ ಮೇಲೆ ವಾಯಿದೆ ಹಾಕುವ ಪದ್ಧತಿಯ ಮೇಲೆ.

ನಮ್ಮ ದೊಡ್ಡಬಳ್ಳಾಪುರವನ್ನೇ ನೋಡಿ. ಮಗ್ಗದ ಸದ್ದಿನ ನಡುವೆ ಮೊಬೈಲ್, ಲೋಗೊ ಅಂಟಿಸಿದ ಒಂದು ಮೈಕು, ಇಷ್ಟಿದ್ದರೆ ಚಾನೆಲ್ ಆಯಿತು. ಇವರಲ್ಲಿ ಎರಡು ಜಾತಿ. ಬೈಕಿಗೆ ‘ಪ್ರೆಸ್’ ಅಂತ ಬರೆಸಿಕೊಂಡು ಲೇಔಟ್ ಮಾಡುವವರ ಹತ್ತಿರ, ಪಂಚಾಯಿತಿ ಪಿಡಿಒ ಹತ್ತಿರ ವಸೂಲಿಗೆ ಹೋಗುವವರು ಒಂದು ಕಡೆ. ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳ ಕಪ್ಪು ನೀರನ್ನು, ಚಿಗರೇನಹಳ್ಳಿ ಕಡೆ ಬೆಂಗಳೂರಿನ ಕಸ ಸುರಿಯುವುದನ್ನು ಪತ್ರಿಕೆಗಳ ಜಿಲ್ಲಾ ಪುಟಕ್ಕಿಂತ ಮೊದಲೇ ಊರಿಗೆ ತೋರಿಸಿದವರು ಇನ್ನೊಂದು ಕಡೆ. ತಡೆಯಾಜ್ಞೆ ಬಂತೆಂದರೆ ಮೊದಲನೆಯವನಿಗೆ ಏನೂ ಆಗುವುದಿಲ್ಲ. ಅವನು ಬೆಳಗಾಗುವುದರೊಳಗೆ ಬೇರೆ ಹೆಸರಲ್ಲಿ ಹೊಸ ಚಾನೆಲ್ ತೆಗೆಯುತ್ತಾನೆ. ಸಿಕ್ಕಿಬೀಳುವವನು ಹೆಸರು, ಮುಖ, ವಿಳಾಸ ಕೊಟ್ಟು ವರದಿ ಮಾಡಿದ ಎರಡನೆಯವನು. ಅಂಚೆಯಲ್ಲಿ ಸಮನ್ಸು ಬರುವುದು ಅವನ ಮನೆಗೇ. ಸುಮಾರು 40 ಕಿಲೋಮೀಟರ್ ದೂರದ ಕೆಂಪೇಗೌಡ ರಸ್ತೆಯ ಕೋರ್ಟಿಗೆ ಹೋಗಿ, ವಕಾಲತ್ತು ಹಾಕಿಸಿ, ದಿನದ ಕೂಲಿ ಕಳೆದುಕೊಂಡು, ಸಂಜೆ ‘ಮುಂದಿನ ತಿಂಗಳು ಬನ್ನಿ’ ಎಂಬ ಮಾತು ಕೇಳಿ ವಾಪಸಾಗಬೇಕು. ಮೂರನೇ ವಾಯಿದೆಗೆ ಅವನೇ ವಿಡಿಯೊ ಅಳಿಸಿಬಿಡುತ್ತಾನೆ. ದಾವೆ ಗೆಲ್ಲುವ ಅಗತ್ಯವೇ ಬೀಳುವುದಿಲ್ಲ.

ಇದು ಒಂದು ಪಕ್ಷದ ಚಾಳಿಯೂ ಅಲ್ಲ, ಒಂದು ಮಠ-ಮಂದಿರದ ಚಾಳಿಯೂ ಅಲ್ಲ. 2019ರ ಚುನಾವಣೆ ಹೊತ್ತಿಗೆ ತೇಜಸ್ವಿ ಸೂರ್ಯ 49 ಮಾಧ್ಯಮ ಸಂಸ್ಥೆಗಳ ವಿರುದ್ಧ ಇಂಥದ್ದೇ ಆದೇಶ ತಂದಿದ್ದರು, ಹೈಕೋರ್ಟ್ ಅದನ್ನು ತಳ್ಳಿಹಾಕಿತು. 2021ರ ಮಾರ್ಚ್‌ನಲ್ಲಿ ರಮೇಶ ಜಾರಕಿಹೊಳಿ ಸಿ.ಡಿ. ಪ್ರಕರಣ ಹೊರಬಂದ ಬೆನ್ನಿಗೆ ಆರು ಸಚಿವರು ಒಟ್ಟಾಗಿ ಹೋಗಿ 60ಕ್ಕೂ ಹೆಚ್ಚು ಮಾಧ್ಯಮಗಳಿಗೆ ತಡೆ ತಂದರು. ಅವರ ಬಗ್ಗೆ ಯಾರೂ ಏನೂ ಪ್ರಸಾರ ಮಾಡಿರಲಿಲ್ಲ. ಜನ ಕೇಳಿದ್ದು ಸಹಜವಾಗಿಯೇ ಒಂದೇ ಪ್ರಶ್ನೆ: ಮಾಡದ ಆರೋಪಕ್ಕೆ ಈ ಗಾಬರಿ ಯಾಕೆ?

ಕಾನೂನು ಬಾಯಿಮಾತಿಗೆ ಚೆನ್ನಾಗಿಯೇ ಇದೆ. ಏಕಪಕ್ಷೀಯ ತಡೆ ಕೊಟ್ಟರೆ ಕಾರಣ ಬರೆಯಬೇಕು, ಅರ್ಜಿಯನ್ನು 30 ದಿನದೊಳಗೆ ಇತ್ಯರ್ಥ ಮಾಡಲು ಯತ್ನಿಸಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್-ಝೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಮೊದಲೇ ಕೊಡುವ ಇಂಥ ತಡೆ ಬರಹಕ್ಕೆ ಮರಣದಂಡನೆ ಇದ್ದಂತೆ ಎಂಬರ್ಥದ ಮಾತಾಡಿ, ದುಡ್ಡಿದ್ದವರು ಸಾರ್ವಜನಿಕ ಚರ್ಚೆಯ ಬಾಯಿ ಕಟ್ಟಲು ಹೂಡುವ ದಾವೆಗಳ ಬಗ್ಗೆ ಕೆಳ ಕೋರ್ಟುಗಳನ್ನು ಎಚ್ಚರಿಸಿತ್ತು. ಧರ್ಮಸ್ಥಳದ ಆದೇಶ ಬಂದದ್ದು ಅದಾದ ಒಂದೂ ಕಾಲು ವರ್ಷದ ಮೇಲೆ.

ಹಾಗಾದರೆ ಸುಳ್ಳು ದಾವೆ ಹೂಡಿದವನಿಗೆ ಏನಾಗುತ್ತದೆ? ಸಂಹಿತೆಯ 35ಎ ಕಲಂ ಪ್ರಕಾರ, ಸಾಮಾನ್ಯ ದಾವೆ ಸುಳ್ಳು, ಕಿರುಕುಳದ್ದು ಎಂದು ಸಾಬೀತಾದರೆ ಎದುರಾಳಿಗೆ ಕೊಡಿಸಬಹುದಾದ ಪರಿಹಾರ ಹೆಚ್ಚೆಂದರೆ 3,000 ರೂಪಾಯಿ. ಮೂರೇ ಸಾವಿರ! ಒಂದು ರೇಷ್ಮೆ ಸೀರೆಯೂ ಬಾರದ ದುಡ್ಡು. ಇದನ್ನು ಪರಿಷ್ಕರಿಸಿ ಎಂದು ಸುಪ್ರೀಂ ಕೋರ್ಟೇ ಹೇಳಿ ವರ್ಷಗಳಾದವು. ಈ ಮಿತಿ ಲಕ್ಷಗಳಿಗೆ ಏರಲಿ. ಸುಳ್ಳು ವಿಡಿಯೊ ಮಾಡಿದವನೂ ವಿಚಾರಣೆಯ ಕೊನೆಗೆ ಅಷ್ಟೇ ದಂಡ ತೆರಲಿ, ಅದೇ ಚಾನೆಲ್‌ನಲ್ಲಿ ಅಷ್ಟೇ ಹೊತ್ತು ತಪ್ಪೊಪ್ಪಿಗೆ ಪ್ರಸಾರ ಮಾಡಲಿ. ನಡುವೆ ಬಾಯಿ ಮುಚ್ಚಿಸುವ ಆದೇಶ ಬೇಡ.

ತಿದ್ದುಪಡಿ ತರಬೇಕಾದದ್ದು ಸಂಸತ್ತು. ದೊಡ್ಡಬಳ್ಳಾಪುರ ಸೇರಿದ ಚಿಕ್ಕಬಳ್ಳಾಪುರ ಕ್ಷೇತ್ರದಿಂದ 2024ರಲ್ಲಿ ಅಲ್ಲಿಗೆ ಹೋದವರು ಡಾ. ಕೆ. ಸುಧಾಕರ್. 2021ರಲ್ಲಿ ತಡೆಯಾಜ್ಞೆ ತಂದ ಆ ಆರು ಸಚಿವರಲ್ಲಿ ಅವರೂ ಒಬ್ಬರು. 35ಎ ಬಗ್ಗೆ ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳುತ್ತೀರಾ ಸಾರ್ ಎಂದು, ಮುಂದಿನ ಸಲ ಅವರು ಊರಿಗೆ ಬಂದಾಗ ನಮ್ಮ ಹುಡುಗರು ಮೈಕು ಹಿಡಿದು ವಿಚಾರಿಸಲಿ.