ಆಟದ ಕುರ್ಚಿಯೂ ಅಪ್ಪನ ಕಸುಬೂ



ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಸುತ್ತಮುತ್ತ ಬಾಳುತ್ತಿರುವ ಯುವಜನರಲ್ಲಿ ಕೆಲವರಿಗೆ ಈಗ ಒಂದು ಹೊಸ ಹವ್ಯಾಸ ಅಂಟಿಕೊಂಡಿದೆ. ಕಣ್ಣಿಗೆ ದಪ್ಪ ಕನ್ನಡಕದಂತಹ ಪೆಟ್ಟಿಗೆಯೊಂದನ್ನು ಬಿಗಿದುಕೊಂಡರೆ ಸುತ್ತಲೂ ಕಾರಿನ ಪಂದ್ಯದ ರಸ್ತೆಯೋ ವಿಮಾನದ ಆಕಾಶವೋ ಕಾಣುತ್ತದೆ. ಇದನ್ನೇ ವರ್ಚುವಲ್ ರಿಯಾಲಿಟಿ ಎನ್ನುತ್ತಾರೆ. ಆದರೆ ಕುಳಿತ ಕುರ್ಚಿ ಮಾತ್ರ ಅಲುಗುವುದಿಲ್ಲ. ಆ ಕೊರತೆಯನ್ನು ನೀಗಿಸಲೆಂದೇ, ಆಟದ ಕಾರು ತಿರುಗಿದಾಗ ತಾನೂ ವಾಲುವ, ಬ್ರೇಕು ಹಾಕಿದಾಗ ಮುಂದಕ್ಕೆ ಬಾಗುವ ಆಸನವನ್ನು ಮೋಟಾರುಗಳ ಮೇಲೆ ನಿಲ್ಲಿಸುತ್ತಾರೆ. ಸಿದ್ಧವಾಗಿ ದೊರೆಯುವ ಇಂತಹ ಯಂತ್ರ ಸಾಮಾನ್ಯ ಕುಟುಂಬದ ಕೈಗೆಟುಕುವಂಥದ್ದಲ್ಲ. ಆದುದರಿಂದ ಹುಡುಗರು ಹಳೆಯ ಕಾರಿನ ಸೀಟು, ಕಬ್ಬಿಣದ ಪೈಪು, ಮೋಟಾರುಗಳನ್ನು ಕೂಡಿಸಿ ಮನೆಯಲ್ಲೇ ಕಟ್ಟಲು ಹೊರಡುತ್ತಾರೆ. ಪಾಲಕರು ಗಾಬರಿಯಾಗುತ್ತಾರೆ. ಓದಿ ಉದ್ಯೋಗ ಹಿಡಿಯಬೇಕಾದ ವಯಸ್ಸಿನಲ್ಲಿ ಇದೇನು ಹುಚ್ಚು ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಕಟ್ಟಲಿ ಬಿಡಿ. ಆದರೆ ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಕಟ್ಟುವುದು ಬೇಡ. ತಂದೆಯೊಡನೆ, ನೆರೆಯ ಫಿಟ್ಟರ್ ಮಾಮನೊಡನೆ, ತಂಗಿಯೊಡನೆ ಕಟ್ಟಲಿ. ಹೀಗೇಕೆ ಹೇಳುತ್ತೇವೆ ಎಂಬುದನ್ನು ವಿವರಿಸಬೇಕಾಗಿದೆ.

ಮೊದಲನೆಯದಾಗಿ, ಈ ಯಂತ್ರ ನಮ್ಮ ದೇಹದ ಬಗ್ಗೆ ಒಂದು ಪಾಠವನ್ನು ಕಲಿಸುತ್ತದೆ. ಮಾನವನಿಗೆ ಐದು ಇಂದ್ರಿಯಗಳೆಂದು ನಾವೆಲ್ಲ ಶಾಲೆಯಲ್ಲಿ ಕಲಿತೆವು. ಅರಿಸ್ಟಾಟಲನು ಆತ್ಮವನ್ನು ಕುರಿತ ತನ್ನ ಗ್ರಂಥದಲ್ಲಿ ಐದಕ್ಕಿಂತ ಹೆಚ್ಚು ಇಂದ್ರಿಯಗಳಿಲ್ಲವೆಂದೇ ವಾದಿಸಿದನು. ಆದರೆ ಕಿವಿಯ ಒಳಭಾಗದಲ್ಲಿ ಕೇಳುವುದಕ್ಕೆ ಸಂಬಂಧವೇ ಇಲ್ಲದ ಅಂಗವೊಂದಿದೆ. ಅರ್ಧವೃತ್ತಾಕಾರದ ಮೂರು ಸಣ್ಣ ನಾಳಗಳು ತಲೆ ಯಾವ ಕಡೆಗೆ ತಿರುಗುತ್ತಿದೆಯೆಂಬುದನ್ನು ಅರಿಯುತ್ತವೆ. ಅವುಗಳ ಪಕ್ಕದ ಎರಡು ಚೀಲಗಳಲ್ಲಿರುವ ಸುಣ್ಣದ ಕಣಗಳು ಭೂಮಿಯ ಸೆಳೆತವನ್ನೂ ವೇಗದ ಬದಲಾವಣೆಯನ್ನೂ ತಿಳಿಸುತ್ತವೆ. ಈ ಸಮತೋಲನದ ಅಂಗವನ್ನು ಕುರಿತ ಸಂಶೋಧನೆಗಾಗಿ ರಾಬರ್ಟ್ ಬರಾನಿ ಎಂಬ ವೈದ್ಯರಿಗೆ 1914ರ ನೊಬೆಲ್ ಪ್ರಶಸ್ತಿ ದೊರೆಯಿತು.

ಘಟ್ಟದ ರಸ್ತೆಯಲ್ಲಿ ಬಸ್ಸಿನೊಳಗೆ ಪುಸ್ತಕ ಓದುತ್ತಾ ಕುಳಿತವರಿಗೆ ಹೊಟ್ಟೆ ತೊಳಸುವುದು ಎಲ್ಲರಿಗೂ ಗೊತ್ತು. ಕಿವಿಯೊಳಗಿನ ಅಂಗ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ. ಪುಟದ ಮೇಲೆ ನೆಟ್ಟ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಜಗಳದಲ್ಲಿ ಸೊರಗುವುದು ದೇಹ. ಪೆಟ್ಟಿಗೆ ಧರಿಸಿ ಆಡುವಾಗ ಇದೇ ಜಗಳ ತಿರುವುಮುರುವಾಗುತ್ತದೆ. ಕಣ್ಣು ಓಡುತ್ತಿದೆ, ಮೈ ಸುಮ್ಮನೆ ಕುಳಿತಿದೆ. ಹಾಗಾಗಿ ತಲೆಸುತ್ತು, ವಾಕರಿಕೆ. ಕುರ್ಚಿಯನ್ನು ಅಲುಗಿಸಿ ಈ ಜಗಳವನ್ನು ತಗ್ಗಿಸಬಹುದು ಎಂಬುದೇ ಈ ಯಂತ್ರದ ಆಧಾರ.

ಆದರೆ ಕೋಣೆಯೊಳಗಿನ ಕುರ್ಚಿ ಮುಂದಕ್ಕೆ ಎಷ್ಟು ದೂರ ಓಡೀತು? ಇಲ್ಲಿ ಒಂದು ಜಾಣ ಉಪಾಯವಿದೆ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರೆ ಭೂಮಿಯ ಸೆಳೆತವೇ ಬೆನ್ನನ್ನು ಆಸನಕ್ಕೆ ಒತ್ತುತ್ತದೆ. ಕಣ್ಣಿನ ಮುಂದೆ ರಸ್ತೆ ಮಾತ್ರ ಕಾಣುವುದರಿಂದ, ಕಾರು ವೇಗ ಹೆಚ್ಚಿಸಿತೆಂದು ಮನಸ್ಸು ತಿಳಿಯುತ್ತದೆ. 15 ಡಿಗ್ರಿ ವಾಲಿಸಿದರೆ ಭೂಮಿಯ ಸೆಳೆತದ ಸುಮಾರು ಕಾಲು ಭಾಗದಷ್ಟು ಒತ್ತಡ ಬೆನ್ನಿಗೆ ಸಿಗುತ್ತದೆ. ಬಳಿಕ ಕುರ್ಚಿ, ಕುಳಿತವನ ಅರಿವಿಗೆ ಬಾರದಷ್ಟು ನಿಧಾನವಾಗಿ ಮೊದಲಿನ ಸ್ಥಿತಿಗೆ ಮರಳಬೇಕು. ಈ ನಿಧಾನವೇ ಇಡೀ ವಿದ್ಯೆಯ ಗುಟ್ಟು. ಹೆಚ್ಚು ಅಲುಗಿಸುವ ಯಂತ್ರ ಒಳ್ಳೆಯ ಯಂತ್ರವಲ್ಲ. ಎಷ್ಟು ಬೇಕೋ ಅಷ್ಟನ್ನೇ ಅಲುಗಿಸುವುದು ಒಳ್ಳೆಯದು.

ಹಾಗಾದರೆ ಇದು ಇಂದ್ರಿಯಗಳಿಗೆ ಮಾಡುವ ಮೋಸವಲ್ಲವೇ ಎಂದು ಕೆಲವರು ಕೇಳಬಹುದು. ತತ್ವಶಾಸ್ತ್ರದ ದೃಷ್ಟಿಯಿಂದ ಇದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆಯೇ. ಸುಳ್ಳೆಂದರೆ ಇನ್ನೊಬ್ಬನ ಅರಿವನ್ನು ತಪ್ಪುದಾರಿಗೆ ಎಳೆಯಲು ಬಯಸುವ ಮಾತು. ಇಲ್ಲಿ ಕುಳಿತವನಿಗೆ ತಾನು ಕೋಣೆಯಲ್ಲೇ ಇದ್ದೇನೆಂಬುದು ಗೊತ್ತು. ಮೈ ನಂಬಿದರೂ ಬುದ್ಧಿ ನಂಬಿಲ್ಲ. ನಾಟಕ ನೋಡಿ ಕಣ್ಣೀರಿಡುವವನನ್ನು ಮೋಸಹೋದವನೆಂದು ನಾವು ಕರೆಯುವುದಿಲ್ಲವಷ್ಟೇ. ಅರಿಸ್ಟಾಟಲನು ಹಿತಮಿತವಾದ ವಿನೋದವನ್ನು ಸದ್ಗುಣಗಳ ಸಾಲಿಗೆ ಸೇರಿಸಿದನು. ಸಂತ ತೋಮಾಸ್ ಅಕ್ವಿನಾಸರೂ ಅದನ್ನು ಒಪ್ಪಿದರು. ದೇಹಕ್ಕೆ ನಿದ್ರೆಯಂತೆ ಮನಸ್ಸಿಗೆ ಆಟ ಬೇಕೆಂಬುದು ಅವರ ನಿಲುವು. ಆಟವೇ ಬಾಳಾಗಬಾರದು ಎಂಬುದೂ ಅವರ ನಿಲುವೇ.

ಎರಡನೆಯದಾಗಿ, ಈ ಯಂತ್ರದ ಇತಿಹಾಸ ನಮ್ಮ ಜನರಿಗೆ ಹತ್ತಿರವಾದದ್ದು. ಹಳೆಯ ದೇವಾಲಯಗಳಲ್ಲಿ ತಿದಿಯೊತ್ತಿ ನುಡಿಸುವ ಆರ್ಗನ್ ವಾದ್ಯವನ್ನು ಹಿರಿಯರು ಕಂಡಿದ್ದಾರೆ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಪಟ್ಟಣದಲ್ಲಿ ಎಡ್ವಿನ್ ಲಿಂಕ್ ಎಂಬ ಯುವಕನ ತಂದೆಗೆ ಆರ್ಗನ್ ಮತ್ತು ಪಿಯಾನೊ ತಯಾರಿಸುವ ಕಾರ್ಖಾನೆಯಿತ್ತು. ವಿಮಾನ ಹಾರಿಸುವ ಹಂಬಲವಿದ್ದ ಮಗನಿಗೆ ತರಬೇತಿಯ ವೆಚ್ಚ ಭಾರವೆನಿಸಿತು. ಅವನು ತಂದೆಯ ಕಾರ್ಖಾನೆಯಲ್ಲಿದ್ದ ತಿದಿ, ಕವಾಟ, ಗಾಳಿಯ ಪಂಪುಗಳನ್ನೇ ಬಳಸಿ, ನಿಂತಲ್ಲೇ ವಾಲುವ, ತಿರುಗುವ ಪುಟ್ಟ ವಿಮಾನವನ್ನು 1929ರಲ್ಲಿ ಸಿದ್ಧಗೊಳಿಸಿದನು. ಮೊದಲಿಗೆ ಅದನ್ನು ಕೊಂಡವರಲ್ಲಿ ಮನರಂಜನಾ ಉದ್ಯಾನಗಳವರೇ ಹೆಚ್ಚು. 1934ರಲ್ಲಿ ಅಂಚೆ ಹೊತ್ತು ಮಂಜು ಮೋಡಗಳಲ್ಲಿ ಹಾರಬೇಕಾಗಿ ಬಂದ ಅಮೆರಿಕದ ಸೇನಾ ವಿಮಾನ ಚಾಲಕರು ಒಬ್ಬರ ಹಿಂದೊಬ್ಬರು ಮಡಿದಾಗಲೇ ಸೇನೆ ಆರು ಯಂತ್ರಗಳನ್ನು ಖರೀದಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾವಿರಾರು ಲಿಂಕ್ ಯಂತ್ರಗಳ ಮೇಲೆ ಲಕ್ಷಾಂತರ ಚಾಲಕರು ತರಬೇತಿ ಪಡೆದರು. ಆಟಿಕೆಯೆಂದು ಜನ ನಕ್ಕ ವಸ್ತುವು ಪ್ರಾಣ ಉಳಿಸುವ ಸಾಧನವಾಯಿತು. ಆ ಮಗನಿಗೆ ತಂದೆಯ ಕಸುಬು ಹಳೆಯದೆಂದು ತೋರಿದ್ದರೆ ಇದು ಹುಟ್ಟುತ್ತಿರಲಿಲ್ಲ.

ಮುಂದೆ ಇಂಗ್ಲೆಂಡಿನ ಡನ್‌ಲಪ್ ಕಂಪನಿಯಲ್ಲಿ ಗಫ್ ಎಂಬ ಎಂಜಿನಿಯರು ಟೈರುಗಳನ್ನು ಪರೀಕ್ಷಿಸಲು, ಆರು ಕಾಲುಗಳು ಉದ್ದ–ಗಿಡ್ಡವಾಗುತ್ತಾ ಹಲಗೆಯನ್ನು ಎಲ್ಲ ದಿಕ್ಕಿಗೂ ಆಡಿಸುವ ಯಂತ್ರವನ್ನು 1950ರ ದಶಕದಲ್ಲಿ ಕಟ್ಟಿದರು. ಅಂಥದೇ ಆರು ಕಾಲಿನ ವೇದಿಕೆಯನ್ನು ವಿಮಾನ ತರಬೇತಿಗೆ ಬಳಸಬಹುದೆಂದು ಸ್ಟೀವರ್ಟ್ ಎಂಬವರು 1965ರಲ್ಲಿ ಲೇಖನ ಬರೆದರು. ದೊಡ್ಡ ವಿಮಾನ ತರಬೇತಿ ಯಂತ್ರಗಳು ಇಂದಿಗೂ ಇಂತಹ ಆರು ಕಾಲುಗಳ ಮೇಲೆ ನಿಲ್ಲುತ್ತವೆ. ನಮ್ಮ ಬೆಂಗಳೂರಿಗೂ ಈ ವಿದ್ಯೆ ಹೊಸದಲ್ಲ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಕೆನಡಾದ ಸಿಎಇ ಕಂಪನಿಯ ಸಹಭಾಗಿತ್ವದಲ್ಲಿ ಸ್ಥಾಪಿಸಿದ ಹ್ಯಾಟ್ಸಾಫ್ ಕೇಂದ್ರ 2010ರಿಂದ ಇಲ್ಲಿ ಹೆಲಿಕಾಪ್ಟರ್ ಚಾಲಕರಿಗೆ ಇಂಥ ಯಂತ್ರಗಳ ಮೇಲೆ ತರಬೇತಿ ನೀಡತೊಡಗಿತು.

ಇನ್ನು ಮೂರನೆಯ ಮಾತು. ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತಿನ ಮುಂದೆ ನಿಂತು ದುಡಿದವರು. ಆ ದುಡಿಮೆಯಿಂದಲೇ ಓದಿದ ಮಗನೋ ಮಗಳೋ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುತ್ತಾರೆ. ಮಕ್ಕಳ ಕೆಲಸವೇನೆಂದು ತಂದೆಗೆ ತಿಳಿಯದು; ತಂದೆಯ ಕೆಲಸದಲ್ಲಿ ತಿಳಿಯುವಂಥದ್ದೇನೂ ಇಲ್ಲವೆಂದು ಮಕ್ಕಳು ಭಾವಿಸುತ್ತಾರೆ. ಊಟದ ಹೊತ್ತಿನಲ್ಲಿ ಮಾತಿಲ್ಲ. ಎಲೆಕ್ಟ್ರಾನಿಕ್ ಸಿಟಿಯನ್ನು 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಸ್ಥಾಪಿಸಿತು. ಪೀಣ್ಯದ ಕೈಗಾರಿಕಾ ವಸಾಹತು ಬೆಳೆದದ್ದೂ ಅದೇ ದಶಕದಿಂದೀಚೆಗೆ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆದರೂ ಒಂದನ್ನು ನಾಳಿನ ಊರೆಂದೂ ಇನ್ನೊಂದನ್ನು ನಿನ್ನೆಯ ಊರೆಂದೂ ನಾವು ಎಣಿಸತೊಡಗಿದ್ದೇವೆ. ಮೆಟ್ರೊ ರೈಲು ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ತಲುಪಿತು. ಊರುಗಳು ಕೂಡಿಕೊಂಡವು, ಒಂದೇ ಮನೆಯ ಎರಡು ತಲೆಮಾರುಗಳು ಕೂಡಿಕೊಳ್ಳುವುದು ಮಾತ್ರ ಬಾಕಿಯಿದೆ.

ಅಲುಗುವ ಆಸನವನ್ನು ಕಟ್ಟಲು ಹೊರಟ ಮಗ ಮೊದಲ ವಾರದಲ್ಲೇ ತನ್ನ ಮಿತಿಯನ್ನು ಕಾಣುತ್ತಾನೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬೋರ್ಡು, ವೈರು, ಸ್ವಿಚ್ಚು ದೊರೆಯುತ್ತವೆ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಸೀಟು ಸಿಗುತ್ತದೆ. ಜೆ.ಸಿ. ರಸ್ತೆಯಲ್ಲಿ, ಕಾರಿನ ಗಾಜು ಒರೆಸುವ ವೈಪರಿನ 12 ವೋಲ್ಟಿನ ಮೋಟಾರು ಸಿಗುತ್ತದೆ. ಮೋಟಾರಿಗೆ ಆಜ್ಞೆ ಕೊಡುವ ಪ್ರೋಗ್ರಾಮನ್ನು ಅವನೇ ಬರೆಯಬಲ್ಲ. ಆದರೆ ಕುರ್ಚಿ ಯಾವುದರ ಮೇಲೆ ವಾಲಬೇಕು? ಲಾರಿಯ ಶಾಫ್ಟಿನಲ್ಲಿರುವಂತಹ ಯುನಿವರ್ಸಲ್ ಜಾಯಿಂಟ್ ಒಂದನ್ನು ನಡುವೆ ಕೂರಿಸಿದರೆ ಅದು ಮುಂದೆ–ಹಿಂದೆ, ಎಡ–ಬಲ ಎರಡಕ್ಕೂ ಒಗ್ಗುತ್ತದೆ. ಅದನ್ನು ಎಷ್ಟು ಎತ್ತರದಲ್ಲಿ ಕೂರಿಸಬೇಕು? ಕುಳಿತವನ ಭಾರ ಜಾಯಿಂಟಿನ ನೇರಕ್ಕೆ ಬಾರದಿದ್ದರೆ ಮೋಟಾರು ಅಲುಗಿಸುವ ಬದಲು ಹೊರುವುದರಲ್ಲೇ ಸುಸ್ತಾಗಿ ಸುಟ್ಟುಹೋಗುತ್ತದೆ. ಜಾಯಿಂಟಿನಲ್ಲಿ ಅರ್ಧ ಮಿಲಿಮೀಟರ್ ಸಡಿಲವಿದ್ದರೂ ಪ್ರತಿ ತಿರುವಿನಲ್ಲಿ ‘ಟಕ್’ ಎಂಬ ಏಟು ಬೆನ್ನಿಗೆ ಬೀಳುತ್ತದೆ. ಪ್ರೋಗ್ರಾಮನ್ನು ಎಷ್ಟು ತಿದ್ದಿದರೂ ಅದು ಹೋಗದು.

ಲೇತಿನ ಮುಂದೆ ಮೂವತ್ತು ವರ್ಷ ನಿಂತವರು ಆ ಸದ್ದು ಕೇಳಿದೊಡನೆ ಬುಷ್ ಸಡಿಲವಾಗಿದೆಯೆಂದು ಹೇಳಬಲ್ಲರು. ಯಾವ ಬೆಸುಗೆ ಹಿಡಿಯುತ್ತದೆ, ಯಾವುದು ಬಿರಿಯುತ್ತದೆ, ಯಾವ ಬೋಲ್ಟಿಗೆ ಎರಡು ನಟ್ಟು ಬೇಕು ಎಂಬುದು ಅವರ ಕೈಗೆ ಗೊತ್ತು. ಈ ಅರಿವು ಬರಹದಲ್ಲಿಲ್ಲ. ಕೈಯಿಂದ ಕೈಗೆ ದಾಟದಿದ್ದರೆ ಅವರೊಡನೆಯೇ ಮುಗಿದುಹೋಗುವಂಥದ್ದು ಅದು. ‘ಅಪ್ಪಾ, ಇದು ಏಕೆ ಸದ್ದು ಮಾಡುತ್ತಿದೆ?’ ಎಂದು ಮಗ ಕೇಳಿದ ದಿನ ಆ ಮನೆಯಲ್ಲಿ ತಂದೆ ಮತ್ತೆ ಗುರುವಾಗುತ್ತಾರೆ. ಮೋಟಾರು ತಾನು ನಿಂತ ಸ್ಥಾನವನ್ನು ಹೇಗೆ ತಿಳಿಸುತ್ತದೆ, ಪ್ರೋಗ್ರಾಮು ಅದನ್ನು ಹೇಗೆ ತಿದ್ದುತ್ತದೆ ಎಂದು ಮಗ ವಿವರಿಸಿದಾಗ ತಂದೆಯೂ ಶಿಷ್ಯರಾಗುತ್ತಾರೆ. ಈ ಕೊಡುಕೊಳ್ಳುವಿಕೆಗೆ ಆಟವೊಂದು ನೆಪವಾದರೆ ಅಂಥ ಆಟವನ್ನು ನಾವೇಕೆ ತಡೆಯಬೇಕು?

ಪಾಲಕರ ಆತಂಕಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆಟದ ಗೀಳು ನಿಜವಾದ ಕಾಯಿಲೆಯೇ ಹೌದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ರೋಗಗಳ ಪಟ್ಟಿಗೆ ಸೇರಿಸಿತು. ತಂತ್ರಜ್ಞಾನದ ಗೀಳಿಗೆ ಸಿಲುಕಿದವರಿಗೆಂದೇ ನಮ್ಮ ನಿಮ್ಹಾನ್ಸ್ 2014ರಲ್ಲಿ ‘ಷಟ್’ ಎಂಬ ಚಿಕಿತ್ಸಾಲಯ ತೆರೆಯಿತು. ಹಣವನ್ನು ಪಣವಿಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಸಂಸತ್ತು ಶಾಸನದ ಮೂಲಕ ನಿಷೇಧಿಸಿತು. ಕುಟುಂಬಗಳು ಬೀದಿಗೆ ಬಿದ್ದ ಮೇಲೆ ಬಂದ ಶಾಸನವದು. ಆದರೆ ಗುಣಭೇದವನ್ನು ನಾವು ಗುರುತಿಸಬೇಕು. ಆರು ತಿಂಗಳು ಅಳೆದು, ಕೊಯ್ದು, ಬೆಸೆದು, ಸೋತು, ಮತ್ತೆ ಕಟ್ಟಿದವನ ತಾಳ್ಮೆ ಬೇರೆ. ಬೆರಳಾಡಿಸುತ್ತಾ ರಾತ್ರಿ ಕಳೆಯುವವನ ಚಟ ಬೇರೆ. ಕಟ್ಟುವಿಕೆಗೆ ಒಂದು ಕೊನೆಯಿದೆ, ಚಟಕ್ಕೆ ಕೊನೆಯಿಲ್ಲ. ಕಟ್ಟಿ ಮುಗಿದ ಬಳಿಕ ಮಗ ಅದರ ಮೇಲಿಂದ ಏಳುವುದೇ ಇಲ್ಲವೆಂದಾದರೆ ಆಗ ಪಾಲಕರು ಮಾತನಾಡಲೇಬೇಕು.

ಆದುದರಿಂದ ಕೆಲವು ನಿಯಮಗಳನ್ನು ಸೂಚಿಸಬಯಸುತ್ತೇವೆ. ಮೊದಲನೆಯದು, ಹಾಸಿಗೆಯಿದ್ದಷ್ಟು ಕಾಲು ಚಾಚಬೇಕು. ಸಾಲ ಮಾಡಿ, ಕಂತಿನಲ್ಲಿ ಬಿಡಿಭಾಗ ಕೊಳ್ಳುವುದು ಬೇಡ. ಮೊದಲು ಎರಡು ಮೋಟಾರು ಸಾಕು. ಆರು ಕಾಲುಗಳ ಕನಸು ಆಮೇಲೆ. ಎರಡನೆಯದು, ಅರವತ್ತು–ಎಪ್ಪತ್ತು ಕಿಲೋ ತೂಕದ ಮನುಷ್ಯನನ್ನು ಎತ್ತಿ ಆಡಿಸುವ ಯಂತ್ರ ಆಟಿಕೆಯಲ್ಲ. ಅರ್ಥಿಂಗ್, ಫ್ಯೂಸು ಇರಲೇಬೇಕು. ಒತ್ತಿದೊಡನೆ ಎಲ್ಲವೂ ನಿಲ್ಲುವ ಕೆಂಪು ಗುಂಡಿ ಕುಳಿತವನ ಕೈಗೂ ನಿಂತವನ ಕೈಗೂ ಸಿಗಬೇಕು. ಬೆರಳು ಸಿಕ್ಕಿಬೀಳುವ ಸಂದುಗಳಿಗೆಲ್ಲ ತಗಡಿನ ಮುಚ್ಚಳ ಹಾಕಬೇಕು. ಸೀಟಿಗೆ ಬೆಲ್ಟು ಇರಬೇಕು. ಮೂರನೆಯದು, ಪುಟ್ಟ ಮಕ್ಕಳಿಗೆ ಇದು ಬೇಡ. ಕಣ್ಣಿನ ಪೆಟ್ಟಿಗೆ ತಯಾರಿಸುವ ಮೆಟಾ ಕಂಪನಿಯೇ ತನ್ನ ವಯೋಮಿತಿಯನ್ನು 13 ಎಂದಿಟ್ಟಿತ್ತು. 2023ರಲ್ಲಿ ಅದನ್ನು ಪಾಲಕರ ಮೇಲ್ವಿಚಾರಣೆಯೊಡನೆ 10ಕ್ಕೆ ಇಳಿಸಿತು. ವಾಕರಿಕೆ ಬಂದೊಡನೆ ಇಳಿಯಬೇಕು. ಹಟ ಹಿಡಿದು ಕೂರುವುದರಿಂದ ಅದು ಹೆಚ್ಚುತ್ತದೆಯೇ ಹೊರತು ವಾಸಿಯಾಗದು.

ನಾಲ್ಕನೆಯ ನಿಯಮವನ್ನು ಯಂತ್ರವೇ ಹೇಳುತ್ತದೆ. ಪೆಟ್ಟಿಗೆ ಧರಿಸಿದವನಿಗೆ ತನ್ನ ಕೋಣೆ ಕಾಣುವುದಿಲ್ಲ. ಕಾಲಬಳಿ ಬಂದ ಮಗು, ಸುಟ್ಟ ವೈರಿನ ಹೊಗೆ, ಸಡಿಲಗೊಂಡ ಬೋಲ್ಟು, ಯಾವುದೂ ಅವನ ಗಮನಕ್ಕೆ ಬಾರದು. ಆದುದರಿಂದ ಪಕ್ಕದಲ್ಲಿ ಕಣ್ಣು ತೆರೆದ ಇನ್ನೊಬ್ಬರು ಯಾವಾಗಲೂ ನಿಂತಿರಲೇಬೇಕು. ಈ ಆಟವನ್ನು ಒಬ್ಬನೇ ಆಡುವಂತಿಲ್ಲ. ಹಾಗಾಗಿ ಯಂತ್ರವನ್ನು ಒಳಕೋಣೆಯಲ್ಲಿಡದೆ ಎಲ್ಲರೂ ಓಡಾಡುವ ನಡುಮನೆಯಲ್ಲೋ ಅಂಗಳದ ಶೆಡ್ಡಿನಲ್ಲೋ ಇಡುವುದು ಒಳ್ಳೆಯದು.

ಪಾಲಕರೇ, ಮಗನೋ ಮಗಳೋ ಕಬ್ಬಿಣದ ಪೈಪು ಹೊತ್ತು ಮನೆಗೆ ಬಂದರೆ ಸಿಡುಕುವ ಮುನ್ನ ಅದರ ಅಳತೆಯನ್ನು ಕೇಳಿರಿ. ಕಾರ್ಖಾನೆಯಿಂದ ನಿವೃತ್ತರಾಗಿ ಕೈಕಟ್ಟಿ ಕುಳಿತ ಹಿರಿಯರು ಬೀದಿಯಲ್ಲಿದ್ದರೆ ಅವರನ್ನೂ ಕರೆಯಿರಿ. ಯುವಜನರೇ, ಅಂತರ್ಜಾಲದ ವೀಡಿಯೊಗಳಲ್ಲಿ ಉತ್ತರ ಹುಡುಕುವ ಮೊದಲು ಅಪ್ಪನನ್ನು ಒಮ್ಮೆ ಕೇಳಿರಿ. ಅವರಿಗೆ ವರ್ಚುವಲ್ ರಿಯಾಲಿಟಿ ಗೊತ್ತಿಲ್ಲದಿರಬಹುದು. ಬೇರಿಂಗ್ ಗೊತ್ತಿದೆ, ನಿಮ್ಮ ಕುರ್ಚಿ ನಿಲ್ಲುವುದು ಅದರ ಮೇಲೆ.